ಒಂದೇ ಶ್ವಾಸಕೋಶದ ಹಾಡು: ಸುಳೇಭಾವಿಯ ಕುಮಾರ ಗಂಧರ್ವ

ಬೆಳಗಾವಿಯಲ್ಲಿ ಕುಮಾರ ಗಂಧರ್ವ ರಂಗಮಂದಿರ ಅಂತ ಒಂದು ಸಭಾಂಗಣ ಇದೆ. ನಾಟಕ, ಸನ್ಮಾನ, ಸ್ಪರ್ಧೆ, ಸರ್ಕಾರಿ ಕಾರ್ಯಕ್ರಮ ಅಂತ ನಮ್ಮಲ್ಲಿ ಭಾಳ ಜನ ಒಮ್ಮೆಯಾದರೂ ಅಲ್ಲಿ ಹೋಗಿ ಕೂತು ಬಂದಿರುತ್ತೇವೆ. ಆದರೆ ಆ ಹೆಸರಿನ ಮನುಷ್ಯ ಯಾರು ಅಂತ ಯಾರಾದರೂ ಕೇಳಿದರೆ ನಮ್ಮ ಉತ್ತರ ಒಂದೇ ಸಾಲಿಗೆ ಮುಗಿಯುತ್ತದೆ: ದೊಡ್ಡ ಹಿಂದೂಸ್ತಾನಿ ಹಾಡುಗಾರ. ಭೀಮಸೇನ ಜೋಶಿಯವರು ದಾಸರ ಪದ ಹಾಡಿದ್ದರಿಂದ ನಮ್ಮ ಮನೆಮನೆಗೂ ಗೊತ್ತು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅವರ ಪಾಠ ಶಾಲೆಯಲ್ಲಾದರೂ ಕಿವಿಗೆ ಬಿದ್ದಿರುತ್ತದೆ. ಕುಮಾರ ಗಂಧರ್ವರು ಮಾತ್ರ ನಮ್ಮ ಜಿಲ್ಲೆಯಲ್ಲೇ ಹುಟ್ಟಿದರೂ ನಮಗೆ ಸ್ವಲ್ಪ ದೂರದವರಾಗಿ ಉಳಿದಿದ್ದಾರೆ. ಅವರು ಬದುಕಿದ್ದು ಮಧ್ಯಪ್ರದೇಶದಲ್ಲಿ, ಹೆಚ್ಚಾಗಿ ಹಾಡಿದ್ದು ಹಿಂದಿ, ಮರಾಠಿಯಲ್ಲಿ. ಅದಕ್ಕೇ ಇರಬೇಕು.

ಈ ಲೇಖನದಲ್ಲಿ ಅವರ ಪೂರ್ತಿ ಜೀವನ ಬರೆಯುವುದಕ್ಕಿಂತ ಒಂದು ಮುಖ್ಯ ಪ್ರಶ್ನೆ ಹಿಡಿದುಕೊಂಡು ಹೋಗೋಣ ಅಂತ ಅಂದುಕೊಂಡಿದ್ದೇವೆ. 23ನೇ ವಯಸ್ಸಿಗೆ ದೇಶಕ್ಕೆಲ್ಲ ಹೆಸರಾಗಿದ್ದ ಒಬ್ಬ ಹಾಡುಗಾರನಿಗೆ ಇನ್ನು ಹಾಡಬೇಡ, ಹಾಡಿದರೆ ಜೀವ ಹೋಗುತ್ತದೆ ಅಂತ ಡಾಕ್ಟರು ಹೇಳುತ್ತಾರೆ. ಸುಮಾರು ಆರು ವರ್ಷ ಅವರು ಹಾಡುವುದಿಲ್ಲ. ಆಮೇಲೆ ಎದ್ದು ಬಂದು ಹಾಡಿದಾಗ ಅವರಲ್ಲಿ ಮೊದಲಿನ ಹಾಡುಗಾರನೇ ಇರುವುದಿಲ್ಲ, ಬೇರೆ ಒಬ್ಬ ಇರುತ್ತಾನೆ. ಆ ಆರು ವರ್ಷದಲ್ಲಿ ಏನಾಯಿತು?

ರೆಕಾರ್ಡ್ ಕೇಳಿ ಹಾಡುವ ಹುಡುಗ

ಕುಮಾರ ಗಂಧರ್ವರ ನಿಜವಾದ ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಹುಟ್ಟಿದ್ದು 1924ರ ಏಪ್ರಿಲ್ 8ರಂದು, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ. ಮೀರಜ್‌ನಿಂದ ಬೆಳಗಾವಿಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್, ಘಟಪ್ರಭಾ ದಾಟಿದ ಮೇಲೆ ಬೆಳಗಾವಿಗೆ ಸ್ವಲ್ಪ ಮೊದಲು ಸುಳೇಭಾವಿ ಸ್ಟೇಷನ್ ಬರುತ್ತದೆ. ನಮ್ಮ ಕಡೆಯವರು ಎಷ್ಟೋ ಸಲ ಆ ಬೋರ್ಡ್ ನೋಡಿಯೇ ಮುಂದೆ ಹೋಗಿರುತ್ತೇವೆ.

ಮನೆಯಲ್ಲಿ ಕನ್ನಡ, ತಂದೆಗೆ ಸಂಗೀತದ ಹುಚ್ಚು. ಆಗ ಗ್ರಾಮಫೋನ್ ರೆಕಾರ್ಡುಗಳ ಕಾಲ. ಒಂದು ರೆಕಾರ್ಡಿನ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. ಈ ಹುಡುಗ ಆರೇಳು ವರ್ಷದವನಿದ್ದಾಗಲೇ ದೊಡ್ಡ ದೊಡ್ಡ ಗಾಯಕರ ರೆಕಾರ್ಡ್ ಕೇಳಿ, ಅವರು ಎಲ್ಲಿ ಉಸಿರು ತಗೊಂಡರು, ಎಲ್ಲಿ ತಾನ ಹೊಡೆದರು ಅನ್ನುವುದನ್ನೂ ಬಿಡದೆ ಹಾಗ್ಹಾಗೇ ಹಾಡಿಬಿಡುತ್ತಿದ್ದ. ಯಾರೂ ಕೂಡಿಸಿ ಕಲಿಸಿರಲಿಲ್ಲ. ಒಂದು ಮಠದ ಸ್ವಾಮಿಗಳು ಆ ಹಾಡು ಕೇಳಿ ಕುಮಾರ ಗಂಧರ್ವ ಅಂತ ಬಿರುದು ಕೊಟ್ಟರು. ಬಿರುದೇ ಹೆಸರಾಗಿ, ಶಿವಪುತ್ರ ಅನ್ನುವುದು ಹಿಂದೆ ಸರಿಯಿತು. ತಂದೆ ಮಗನನ್ನು ಕರೆದುಕೊಂಡು ಊರೂರು ತಿರುಗಿ ಕಾರ್ಯಕ್ರಮ ಮಾಡಿಸಿದರು.

1936ರಲ್ಲಿ ಮುಂಬೈಯ ಜಿನ್ನಾ ಹಾಲ್‌ನಲ್ಲಿ ಒಂದು ಸಂಗೀತ ಸಮ್ಮೇಳನ. ಮುಂದೆ ಕೂತವರು ದೇಶದ ದೊಡ್ಡ ದೊಡ್ಡ ಕಲಾವಿದರು. ಇನ್ನೂ 12 ತುಂಬದ ಹುಡುಗ ಹಾಡಿದ. ಇಡೀ ಸಭೆ ಬೆರಗಾಯಿತು, ಮುಂಬೈಯಲ್ಲಿ ಅವನದೇ ಮಾತಾಯಿತು. ಇವತ್ತಿನ ಲೆಕ್ಕದಲ್ಲಿ ಹೇಳಬೇಕೆಂದರೆ ಒಂದೇ ರಾತ್ರಿಯಲ್ಲಿ ವೈರಲ್.

ಕಾಪಿ ಬೇರೆ, ಕಟ್ಟುವುದು ಬೇರೆ

ಆ ಸಮ್ಮೇಳನ ನಡೆಸಿದ ಪ್ರೊ. ಬಿ. ಆರ್. ದೇವಧರ್ ಅವರ ಹತ್ತಿರವೇ ಹುಡುಗ ಕಲಿಯಲು ನಿಂತ. ದೇವಧರ್ ಅವರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಮುಂಬೈಯಲ್ಲಿ ಅವರದೇ ಸಂಗೀತ ಶಾಲೆ ಇತ್ತು. ಒಂದು ಘರಾಣೆ ಹಿಡಿದು ಅದೇ ಸರಿ ಅನ್ನುವವರಲ್ಲ. ಬೇರೆ ಬೇರೆ ಘರಾಣೆಯ ಉಸ್ತಾದರು, ಪಂಡಿತರು ಅವರ ಶಾಲೆಗೆ ಬಂದು ಹೋಗುತ್ತಿದ್ದರು. ಹುಡುಗನಿಗೆ ಎಲ್ಲರದೂ ಕೇಳಲು ಸಿಕ್ಕಿತು. ಅಂಜನಿಬಾಯಿ ಮಾಲ್ಪೇಕರ್ ಅವರಿಂದಲೂ ಅವರು ಕಲಿತರು.

ಇಲ್ಲಿ ಒಂದು ಮಾತು ನಮಗೆ ಮುಖ್ಯ ಅನಿಸುತ್ತದೆ. ಮೂರು ನಿಮಿಷದ ರೆಕಾರ್ಡನ್ನು ಹಾಗೇ ಹಾಡುವುದಕ್ಕೂ, ಒಂದು ರಾಗವನ್ನು ಬಿಡಿಸಿ ನೋಡಿ ತಾನೇ ಕಟ್ಟುವುದಕ್ಕೂ ಭಾಳ ಫರಕ್ ಇದೆ. ಲ್ಯಾಬ್‌ನಲ್ಲಿ ಸೀನಿಯರ್ ಕೋಡ್ ತಗೊಂಡು ರನ್ ಮಾಡಿದರೆ ಔಟ್‌ಪುಟ್ ಬರುತ್ತದೆ. ವೈವಾದಲ್ಲಿ ಒಂದು ಸಾಲು ಬದಲಾಯಿಸಿ ಅಂದರೆ ಕೈ ನಿಲ್ಲುತ್ತದೆ. ದೇವಧರ್ ಶಾಲೆಯ ಹತ್ತು ವರ್ಷದಲ್ಲಿ ಆ ಹುಡುಗ ಕಾಪಿಯಿಂದ ವ್ಯಾಕರಣಕ್ಕೆ ಬಂದ. ಕಲಿಯುತ್ತಲೇ ಅಲ್ಲಿಯೇ ಕಲಿಸಲೂ ಶುರು ಮಾಡಿದ. ಅದೇ ಶಾಲೆಯಲ್ಲಿದ್ದ ಭಾನುಮತಿ ಕಂಸ್ ಅವರ ಜೊತೆ 1947ರಲ್ಲಿ ಮದುವೆ ಆಯಿತು.

ವಯಸ್ಸು 23, ಹೆಸರು ಇದೆ, ಕೈ ತುಂಬ ಕಾರ್ಯಕ್ರಮ ಇದೆ, ಹೊಸ ಸಂಸಾರ. ಅದೇ ಸುಮಾರಿಗೆ ಕ್ಷಯರೋಗ ಅಂತ ಗೊತ್ತಾಯಿತು.

1947ರಲ್ಲಿ ಕ್ಷಯ ಅಂದರೆ

ಇವತ್ತು ಟಿಬಿ ಅಂದರೆ ಆರು ತಿಂಗಳ ಗುಳಿಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಆಗ ಹಾಗಿರಲಿಲ್ಲ. ಒಳ್ಳೆ ಗಾಳಿ, ಒಳ್ಳೆ ಊಟ, ಹಾಸಿಗೆಯಲ್ಲಿ ಅಲುಗಾಡದೆ ಮಲಗುವುದು, ಇದೇ ಮುಖ್ಯ ಚಿಕಿತ್ಸೆ. ಅನುಕೂಲ ಇದ್ದವರು ಸ್ಯಾನಟೋರಿಯಂ ಸೇರುತ್ತಿದ್ದರು. ಕೆಲವರಿಗೆ ರೋಗ ಬಿದ್ದ ಶ್ವಾಸಕೋಶಕ್ಕೆ ವಿಶ್ರಾಂತಿ ಸಿಗಲಿ ಅಂತ ಅದನ್ನು ಬೇಕಂತಲೇ ಕುಗ್ಗಿಸಿ ಇಡುತ್ತಿದ್ದರು. ಭಾಳ ಜನ ಉಳಿಯುತ್ತಿರಲಿಲ್ಲ.

ಔಷಧಿ ಇರಲೇ ಇಲ್ಲ ಅಂತಲ್ಲ. 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಲ್ಯಾಬ್‌ನಲ್ಲಿ ಆಲ್ಬರ್ಟ್ ಶಾಟ್ಜ್ ಅನ್ನುವ ಸಂಶೋಧನಾ ವಿದ್ಯಾರ್ಥಿ ಮಣ್ಣಿನ ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದಿದ್ದ. ಅವನು ಆಗ ನಮಗಿಂತ ನಾಲ್ಕೈದು ವರ್ಷ ದೊಡ್ಡವನು, ಅಷ್ಟೇ. ಬ್ರಿಟನ್ನಿನಲ್ಲಿ 107 ರೋಗಿಗಳ ಮೇಲೆ ಅದರ ಪರೀಕ್ಷೆ ನಡೆದು 1948ರಲ್ಲಿ ಫಲಿತಾಂಶ ಹೊರಬಂತು. ಔಷಧಿ ಕೆಲಸ ಮಾಡುತ್ತದೆ ಅಂತ ಖಾತ್ರಿಯಾಯಿತು. ಆದರೆ ಲ್ಯಾಬ್‌ನಲ್ಲಿ ಆದದ್ದು ನಮ್ಮ ದೇಶದ ಒಬ್ಬ ಹಾಡುಗಾರನ ಹಾಸಿಗೆವರೆಗೆ ಬರಲು ಇನ್ನೂ ವರ್ಷಗಳು ಬೇಕಿದ್ದವು. ಆ ನಡುವಿನ ಅಂತರದಲ್ಲಿ ಸತ್ತವರಿಗೆ ಲೆಕ್ಕ ಇಲ್ಲ. ಕುಮಾರ ಗಂಧರ್ವರು ಬಿದ್ದದ್ದು ಆ ಅಂತರದಲ್ಲೇ.

ಒಣಹವೆ ಇರುವ ಊರಿಗೆ ಹೋಗಿ ಅಂತ ಸಲಹೆ ಬಂತು. ಮುಂಬೈಯ ಸಮುದ್ರದ ಹವೆ ಬಿಟ್ಟು 1948ರ ಶುರುವಿನಲ್ಲಿ ಗಂಡ ಹೆಂಡತಿ ಇಂದೋರ್ ಹತ್ತಿರದ ದೇವಾಸ್‌ಗೆ ಹೋದರು. ದೇವಾಸ್ ಮಾಳವಾ ಪ್ರಸ್ಥಭೂಮಿಯ ಒಂದು ಸಣ್ಣ ಊರು. ನಡುವೆ ಒಂದು ಗುಡ್ಡ, ಮೇಲೆ ದೇವಿಯ ಗುಡಿ. ಸುಳೇಭಾವಿಯ ಹುಡುಗನಿಗೂ ಆ ಊರಿಗೂ ಮೊದಲು ಏನೂ ಸಂಬಂಧ ಇರಲಿಲ್ಲ. ಕಾಯಿಲೆ ಕರೆದುಕೊಂಡು ಹೋಯಿತು, ಹೋದವರು ಕೊನೆವರೆಗೂ ಅಲ್ಲೇ ಉಳಿದರು.

ಹಾಸಿಗೆಯಿಂದ ಕೇಳಿಸಿದ್ದು

ನಾವು ಆರು ತಿಂಗಳ ಸೆಮಿಸ್ಟರ್ ಲೆಕ್ಕದಲ್ಲಿ ಬದುಕುವವರು. ಒಂದು ಇಯರ್ ಬ್ಯಾಕ್ ಬಿದ್ದರೆ ಜೀವನವೇ ಮುಗಿದಂತೆ ಮುಖ ಮಾಡುತ್ತೇವೆ. ಆರು ವರ್ಷ ಅಂದರೆ 12 ಸೆಮಿಸ್ಟರ್. ಅದೂ 23ರಿಂದ 29ರವರೆಗೆ, ಒಬ್ಬ ಗಾಯಕನ ಗಂಟಲು ಪೂರ್ತಿ ಬಲಕ್ಕೆ ಬರುವ ವಯಸ್ಸು. ರಿಯಾಜ್ ಇಲ್ಲ, ಕಛೇರಿ ಇಲ್ಲ, ಸಂಪಾದನೆ ಇಲ್ಲ.

ಮಲಗಿದಲ್ಲೇ ಉಳಿದದ್ದು ಎರಡು: ಕಿವಿ, ಮತ್ತೆ ಬಾಯೊಳಗೇ ಯಾರಿಗೂ ಕೇಳಿಸದಷ್ಟು ಸಣ್ಣಗೆ ಗುನುಗುವುದು. ಕಿಟಕಿಯಿಂದ ಹಕ್ಕಿ, ಗಾಳಿಯ ಸದ್ದು ಬರುತ್ತಿತ್ತು. ಅದರ ಜೊತೆಗೆ ಮಾಳವಾದ ಹೆಂಗಸರು ಮದುವೆಗೆ, ಹಬ್ಬಕ್ಕೆ, ಮಳೆಗೆ ಹಾಡುವ ಹಾಡುಗಳು ಬರುತ್ತಿದ್ದವು. ಭಿಕ್ಷೆಗೆ ಬರುವ ಜೋಗಿಗಳು ಕಬೀರನ, ಗೋರಖನಾಥರ ಪದಗಳನ್ನು ಹಾಡುತ್ತ ಬೀದಿಯಲ್ಲಿ ಹೋಗುತ್ತಿದ್ದರು. ದೇವಾಸ್‌ನಲ್ಲಿ ಶೀಲನಾಥರು ಅನ್ನುವ ನಾಥಪಂಥದ ಯೋಗಿಯ ಧುನಿಯೂ ಇತ್ತು. ಅಲ್ಲಿ ನಿರ್ಗುಣ ಪದಗಳ ಪರಂಪರೆ ಜೀವಂತ ಇತ್ತು.

ಮುಂಬೈಯಲ್ಲಿ ಕುಮಾರ ಗಂಧರ್ವರು ಕೇಳಿದ್ದು ಉಸ್ತಾದರನ್ನು. ದೇವಾಸ್‌ನಲ್ಲಿ ಕೇಳಿದ್ದು ಯಾರೂ ಹೆಸರು ಬರೆದಿಡದವರನ್ನು. ರೆಕಾರ್ಡ್ ಕೇಳಿ ಹಾಗೇ ಹಾಡುವ ಆ ಹಳೆಯ ಶಕ್ತಿ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ, ಯಾಕಂದರೆ ಹಾಡುವಂತಿಲ್ಲ. ಕೇಳಿದ್ದನ್ನು ಬಾಯಿಗೆ ತರದೆ ಒಳಗೇ ಇಟ್ಟುಕೊಂಡು ಯೋಚನೆ ಮಾಡಬೇಕಾಯಿತು. ಈ ಹಾಡಿನಲ್ಲಿ ಮೂರು ನಾಲ್ಕೇ ಸ್ವರ ಇವೆ, ಆದರೂ ಒಂದು ಭಾವ ಪೂರ್ತಿ ನಿಲ್ಲುತ್ತದೆ, ಅದು ಹೇಗೆ? ರಾಗ ಅನ್ನುವುದು ಇಂಥ ಧಾಟಿಯಿಂದಲೇ ಹುಟ್ಟಿರಬೇಕಲ್ಲ? ಹೀಗೆ ಶುರುವಾದ ಯೋಚನೆ ಮುಂದೆ ಅವರ ಇಡೀ ಸಂಗೀತಕ್ಕೆ ತಳಪಾಯವಾಯಿತು. ಗುಣವಾದ ಮೇಲೆ ಅವರು ಮಾಳವಾದ ನೂರಾರು ಜಾನಪದ ಧಾಟಿಗಳನ್ನು ಸ್ವರಲಿಪಿಯಲ್ಲಿ ಬರೆದಿಟ್ಟರು.

ಭಾನುಮತಿ

ಈ ಕತೆಯನ್ನು ಹೇಳುವಾಗ ಭಾಳ ಸಲ ಒಬ್ಬರ ಹೆಸರು ಅಡಿಟಿಪ್ಪಣಿ ಆಗಿಬಿಡುತ್ತದೆ. ಹಂಗಾಗಬಾರದು.

ಭಾನುಮತಿ ಅವರೂ ಹಾಡುಗಾರ್ತಿ. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ಹಾಸಿಗೆ ಹಿಡಿದರು. ಗೊತ್ತಿಲ್ಲದ ಊರು. ಅಂಟುವ ರೋಗ ಅಂತ ಜನ ದೂರ ನಿಲ್ಲುವ ಕಾಲ. ಅವರು ದೇವಾಸ್‌ನ ಶಾಲೆಯಲ್ಲಿ ಪಾಠ ಹೇಳುವ ಕೆಲಸ ಹಿಡಿದು ಮನೆ ನಡೆಸಿದರು. ಬೆಳಿಗ್ಗೆ ಸಂಜೆ ಶುಶ್ರೂಷೆ. ಗಂಡನ ಕಾಯಿಲೆಯ ಸ್ಥಿತಿಯನ್ನು ಬರೆದಿಟ್ಟುಕೊಳ್ಳುತ್ತಿದ್ದರು. ಲ್ಯಾಬ್ ರೆಕಾರ್ಡ್ ಬರೆಯುವುದಕ್ಕೇ ಬೇಜಾರಾಗುವ ನಮಗೆ ಅದೆಷ್ಟು ದೊಡ್ಡ ಕೆಲಸ ಅಂತ ಸ್ವಲ್ಪ ಗೊತ್ತಾಗಬೇಕು. ಅವರ ಸ್ವಂತ ಹಾಡು ಆ ವರ್ಷಗಳಲ್ಲಿ ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಯಾವ ರೆಕಾರ್ಡೂ ಇಲ್ಲ.

1952ರ ಸುಮಾರಿಗೆ ಸ್ಟ್ರೆಪ್ಟೊಮೈಸಿನ್ ಕೈಗೆ ಸಿಕ್ಕಿತು. ಇಂಜೆಕ್ಷನ್ ಮೇಲೆ ಇಂಜೆಕ್ಷನ್. ಈ ಔಷಧಿಗೆ ಒಳಕಿವಿಗೆ ಹಾನಿ ಮಾಡುವ ಗುಣ ಇದೆ, ಹಾಡುಗಾರನಿಗೆ ಅದೂ ಒಂದು ಅಪಾಯವೇ. ಆದರೆ ರೋಗ ನಿಧಾನಕ್ಕೆ ಹಿಂದೆ ಸರಿಯಿತು. ಜೀವ ಉಳಿಯಿತು. ಒಂದು ಶ್ವಾಸಕೋಶ ಮಾತ್ರ ಕೆಲಸಕ್ಕೆ ಬಾರದಂತಾಗಿತ್ತು.

ಉಳಿದ ಗಾಳಿಯಲ್ಲಿ

1953ರಲ್ಲಿ ಅವರು ಮತ್ತೆ ವೇದಿಕೆಗೆ ಬಂದರು. ಇಲ್ಲಿ ಸ್ವಲ್ಪ ಲೆಕ್ಕ ನೋಡೋಣ. ಒಬ್ಬ ಗಂಡಸಿನ ಎರಡೂ ಶ್ವಾಸಕೋಶ ಸೇರಿ ಸುಮಾರು 6 ಲೀಟರ್ ಗಾಳಿ ಹಿಡಿಯುತ್ತವೆ. ಪೂರ್ತಿ ಎಳೆದುಕೊಂಡು ಪೂರ್ತಿ ಬಿಟ್ಟರೆ ಹೊರಗೆ ಬರುವುದು ಸುಮಾರು 4.5ರಿಂದ 5 ಲೀಟರ್. ಹಾಡು ಅಂದರೆ ಈ ಗಾಳಿಯನ್ನು ಕಂಠದ ತಂತುಗಳ ನಡುವೆ ಹಿಡಿತದಲ್ಲಿ ಬಿಡುವುದು. ಖ್ಯಾಲ್ ಗಾಯನದಲ್ಲಿ ಉದ್ದುದ್ದ ಆಲಾಪ, ಮೂರು ಸಪ್ತಕ ಓಡಾಡುವ ಒಂದೇ ಉಸಿರಿನ ತಾನ, ಇವೆಲ್ಲ ಗಾಳಿಯ ಖರ್ಚು. ಒಂದು ಶ್ವಾಸಕೋಶ ಹೋದರೆ ಖರ್ಚಿಗೆ ಇರುವ ಬಂಡವಾಳ ಹೆಚ್ಚು ಕಡಿಮೆ ಅರ್ಧ.

ಅವರಿಗೆ ಎರಡು ದಾರಿ ಇದ್ದವು. ಮೊದಲಿನ ಹಾಗೇ ಹಾಡಲು ಪ್ರಯತ್ನಿಸಿ, ಮೊದಲಿನಷ್ಟು ಆಗುತ್ತಿಲ್ಲ ಅಂತ ಎಲ್ಲರ ಕರುಣೆ ತಗೊಳ್ಳುವುದು ಒಂದು. ಇರುವ ಗಾಳಿಗೆ ಹೊಂದುವ ಹಾಡನ್ನು ಬುಡದಿಂದ ಕಟ್ಟುವುದು ಇನ್ನೊಂದು. ಅವರು ಎರಡನೆಯದು ಹಿಡಿದರು. ಸಣ್ಣ ಸಣ್ಣ ಸ್ವರಗುಚ್ಛಗಳು. ಎತ್ತರದ ಸ್ವರಕ್ಕೆ ಒಮ್ಮೆಲೇ ಚಿಮ್ಮುವುದು, ತಟ್ಟನೆ ದನಿ ತಗ್ಗಿಸುವುದು. ನಡುವೆ ನಿಲ್ಲಿಸಿ ಸುಮ್ಮನಾಗುವುದು. ಹಾಡಿನ ಜೊತೆ ಮೌನವೂ ಒಂದು ಸ್ವರದ ಹಾಗೆ ಕೆಲಸ ಮಾಡತೊಡಗಿತು.

ಮೌನ ಕೆಲಸ ಮಾಡಬೇಕೆಂದರೆ ಹಿಂದೆ ಏನೋ ಒಂದು ನಿಂತಿರಬೇಕು. ಅದು ತಂಬೂರಿ. ನಮ್ಮ ಪಕ್ಕದ ಮೀರಜ್ ತಂಬೂರಿ ಮಾಡುವುದಕ್ಕೆ ದೇಶಕ್ಕೇ ಹೆಸರು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಸಣ್ಣ ನೂಲು ಇಡುತ್ತಾರೆ. ಅದನ್ನು ಸರಿಯಾದ ಜಾಗಕ್ಕೆ ಸರಿಸಿದಾಗ ಮೂಲ ಸ್ವರದ ಜೊತೆ ಅದರ ಹಾರ್ಮೋನಿಕ್ಸ್ ಎಲ್ಲ ಅರಳಿ ಝೇಂಕಾರ ಬರುತ್ತದೆ. ಎರಡನೇ ಸೆಮ್ ಫಿಸಿಕ್ಸ್‌ನಲ್ಲಿ ಹಾರ್ಮೋನಿಕ್ಸ್ ಅಂತ ಬರೆದು ಬಂದದ್ದು ಅಲ್ಲಿ ಕಿವಿಗೇ ಕೇಳಿಸುತ್ತದೆ. ಕುಮಾರ ಗಂಧರ್ವರು ಎರಡು ತಂಬೂರಿಗಳನ್ನು ಶ್ರುತಿ ಮಾಡುವುದರಲ್ಲಿ ಭಾಳ ಕಟ್ಟುನಿಟ್ಟು. ಅವರು ನಿಲ್ಲಿಸಿದಾಗಲೂ ತಂಬೂರಿ ನಡೆಯುತ್ತಿರುತ್ತದೆ, ಕೇಳುವವರ ಮನಸ್ಸಿನಲ್ಲಿ ಹಾಡು ಮುಂದುವರಿಯುತ್ತಿರುತ್ತದೆ. ಉಸಿರು ತಗೊಳ್ಳುವ ಜಾಗ ಹಾಡಿನ ಭಾಗವೇ ಆಯಿತು.

ಹಂಗಂತ ಇದನ್ನೆಲ್ಲ ಬರೀ ಶ್ವಾಸಕೋಶದ ಲೆಕ್ಕಕ್ಕೆ ಹಾಕುವುದೂ ತಪ್ಪು. ಒಂದು ಶ್ವಾಸಕೋಶ ಕಳೆದುಕೊಂಡವರೆಲ್ಲ ಕುಮಾರ ಗಂಧರ್ವರಾಗಲಿಲ್ಲ. ಸಣ್ಣ ಸ್ವರಗುಚ್ಛದಲ್ಲಿ ಪೂರ್ತಿ ಭಾವ ಹಿಡಿಯುವುದನ್ನು ಅವರು ಮಾಳವಾದ ಹೆಂಗಸರ ಹಾಡಿನಲ್ಲಿ ಮೊದಲೇ ಕೇಳಿದ್ದರು. ದೇಹದ ಮಿತಿ ಯಾವುದು ಸಾಧ್ಯವಿಲ್ಲ ಅಂತ ಹೇಳಿತು. ಯಾವುದು ಸಾಧ್ಯ ಅಂತ ಹೇಳಿದ್ದು ಆ ಆರು ವರ್ಷದ ಕೇಳುವಿಕೆ.

ಆಮೇಲೆ ಅವರು ಜಾನಪದ ಧಾಟಿಗಳಿಂದಲೇ ಹೊಸ ರಾಗಗಳನ್ನು ಕಟ್ಟಿದರು: ಮಾಲವತಿ, ಮಧುಸುರಜಾ, ಅಹಿಮೋಹಿನಿ, ಸಂಜಾರಿ, ಲಗನಗಾಂಧಾರ, ಸಹೇಲಿ ತೋಡಿ. ಗಾಂಧೀಜಿಯ ಜನ್ಮಶತಮಾನೋತ್ಸವದ ಸಂದರ್ಭದಲ್ಲಿ ಗಾಂಧಿ ಮಲ್ಹಾರ್. 1965ರಲ್ಲಿ ಅವರ ಬಂದಿಶ್‌ಗಳ ಪುಸ್ತಕ 'ಅನೂಪರಾಗವಿಲಾಸ' ಬಂತು. ಮಳೆಗಾಲದ ಹಾಡುಗಳನ್ನೇ ಸೇರಿಸಿ ಒಂದು ಇಡೀ ಕಾರ್ಯಕ್ರಮ, ವಸಂತದ್ದು ಒಂದು, ಹೇಮಂತದ್ದು ಒಂದು, ಹೀಗೆ ಕಛೇರಿಯ ರೂಪವನ್ನೇ ಬದಲಾಯಿಸಿದರು. ಘರಾಣೆ ಬಿಟ್ಟರು, ಪರಂಪರೆ ಕೆಡಿಸಿದರು ಅಂತ ಬೈದವರೂ ಕಡಿಮೆ ಇರಲಿಲ್ಲ.

ಕಬೀರ ಮತ್ತು ನಮ್ಮ ತತ್ವಪದ

ಇವತ್ತು ಕುಮಾರ ಗಂಧರ್ವರ ಹೆಸರು ಹಾಕಿ ಹುಡುಕಿದರೆ ಮೊದಲು ಸಿಗುವುದು ಅವರ ನಿರ್ಗುಣಿ ಭಜನ್‌ಗಳು. ರೆಕಾರ್ಡ್, ಕ್ಯಾಸೆಟ್, ಸಿಡಿ, ಈಗ ಮೊಬೈಲ್, ಎಲ್ಲ ಕಾಲಕ್ಕೂ ದಾಟಿ ಬಂದದ್ದು ಅವೇ. ಕಬೀರ, ಸೂರದಾಸ, ಮೀರಾ ಮೂವರ ಪದಗಳನ್ನು ಸೇರಿಸಿ ಅವರು ಮಾಡಿದ 'ತ್ರಿವೇಣಿ'ಯೂ ಪ್ರಸಿದ್ಧ. ಕಬೀರನ ಒಂದು ಪದದಲ್ಲಿ ಹಂಸ ಒಂದೇ ಹಾರಿಹೋಗುತ್ತದೆ, ಜಗತ್ತಿನ ಜಾತ್ರೆ ಕೆಳಗೆ ಉಳಿಯುತ್ತದೆ. ದೇಹ ಬಿಟ್ಟು ಹೋಗುವ ಜೀವದ ಮಾತು ಅದು. ಸಾವನ್ನು ಆರು ವರ್ಷ ಹತ್ತಿರದಿಂದ ನೋಡಿದ ಮನುಷ್ಯ ಇದನ್ನು ಹಾಡುವಾಗ ಅಳುವುದಿಲ್ಲ, ಗೋಗರೆಯುವುದಿಲ್ಲ. ದನಿ ನೇರವಾಗಿ, ಖಾಲಿ ಬಯಲಿನಲ್ಲಿ ನಿಂತು ಕೂಗಿದ ಹಾಗೆ ಬರುತ್ತದೆ. ಶಾಸ್ತ್ರೀಯ ಗಾಯಕರು ಭಜನ್ ಹಾಡುವಾಗ ಸಾಮಾನ್ಯವಾಗಿ ಇರುವ ಸಿಹಿ ಅದರಲ್ಲಿಲ್ಲ. ಬೀದಿಯಲ್ಲಿ ಹೋಗುವ ಜೋಗಿಯ ಒರಟುತನ ಇದೆ.

ನಿರ್ಗುಣ ಅಂದರೆ ರೂಪ, ಗುಣ ಇಲ್ಲದ ದೇವರು. ಹಿಂದಿಯ ಈ ಮಾತು ನಮಗೇನೂ ಪರಕೀಯ ಅಲ್ಲ. ನಾವು ಬೇಡಕಿಹಾಳ ಕಡೆಯವರು. ನಮ್ಮ ಗಡಿ ಊರುಗಳಲ್ಲಿ ಒಂದೇ ರಾತ್ರಿ ಭಜನೆಯಲ್ಲಿ ಮರಾಠಿ ಅಭಂಗವೂ ಬರುತ್ತದೆ, ಶಿಶುನಾಳ ಶರೀಫರ ಪದವೂ ಬರುತ್ತದೆ. ಮನೆ, ಬಿಂದಿಗೆ, ಬಂಡಿ, ಹಕ್ಕಿ ಅಂತ ದಿನನಿತ್ಯದ ವಸ್ತು ಹಿಡಿದು ದೇಹದ ಮಾತು, ಬಯಲಿನ ಮಾತು ಹೇಳುವುದು ತತ್ವಪದಕಾರರ ದಾರಿ. ವಚನಕಾರರು ಶೂನ್ಯ, ಬಯಲು ಅಂದದ್ದೂ ಅದೇ ಕಡೆಗೆ. ಕೊಂಕಾಳಿಮಠ ಅನ್ನುವ ಮನೆತನದ ಹೆಸರಿನ ಹುಡುಗ ಬೆಳಗಾವಿ ಸೀಮೆಯಲ್ಲಿ ಬೆಳೆಯುವಾಗ ಇಂಥ ಹಾಡಿನ ನಡುವೆಯೇ ಬೆಳೆದಿರುತ್ತಾನೆ. ದೇವಾಸ್‌ನ ಕಿಟಕಿಯಲ್ಲಿ ಜೋಗಿಯ ಪದ ಕೇಳಿಸಿದಾಗ ಭಾಷೆ ಬೇರೆ ಇದ್ದರೂ ಮಾತು ಗುರುತಿನದೇ ಆಗಿತ್ತು ಅಂತ ನಮಗೆ ಅನಿಸುತ್ತದೆ. ಅವರ ಹಾಡು ಹಿಂದಿಯಲ್ಲಿದೆ ಅಂತ ಅವರನ್ನು ಬಿಟ್ಟುಕೊಡಬೇಕಾದ ಕಾರಣ ನಮಗೆ ಕಾಣುವುದಿಲ್ಲ.

ನೋವಿನಿಂದ ಹಾಡು ಹುಟ್ಟುತ್ತದೆಯೇ?

ಈ ಕತೆ ಕೇಳಿದವರು ಸುಲಭವಾಗಿ ಒಂದು ಮಾತಿಗೆ ಬಂದುಬಿಡುತ್ತಾರೆ: ಕಷ್ಟಪಟ್ಟರೆ ಮಾತ್ರ ದೊಡ್ಡ ಕಲೆ ಬರುತ್ತದೆ. ಮೋಟಿವೇಶನ್ ವಿಡಿಯೋಗಳಲ್ಲೂ ಇದೇ. ನಮಗೆ ಇದು ಪೂರ್ತಿ ಖರೇ ಅನಿಸುವುದಿಲ್ಲ. ಯಾಕೆ ಅಂತ ಹೇಳಲು ಒಂದು ಕ್ಷಣ ಅಮೆರಿಕಕ್ಕೆ ಹೋಗಬೇಕು.

ಬಿಲ್ಲಿ ಹಾಲಿಡೇ ಅಲ್ಲಿಯ ಕಪ್ಪು ಜನಾಂಗದ ದೊಡ್ಡ ಜಾಝ್ ಗಾಯಕಿ, ಬ್ಲೂಸ್ ಅವರ ದನಿಯಲ್ಲೇ ಇತ್ತು. ಬಡತನ, ವರ್ಣಭೇದ, ಜೈಲು, ಕುಡಿತ, ಹೆರಾಯಿನ್, ಎಲ್ಲ ಸೇರಿ ಅವರ ದೇಹವನ್ನು ಹಾಳುಮಾಡಿದ್ದವು. 1958ರ ಫೆಬ್ರುವರಿಯಲ್ಲಿ ಅವರು ನ್ಯೂಯಾರ್ಕ್‌ನಲ್ಲಿ 'ಲೇಡಿ ಇನ್ ಸ್ಯಾಟಿನ್' ಅನ್ನುವ ಆಲ್ಬಂ ಹಾಡಿದರು. ಹಿಂದೆ ರೇ ಎಲ್ಲಿಸ್ ಅವರ ನುಣುಪಾದ ಆರ್ಕೆಸ್ಟ್ರಾ, ಮುಂದೆ ಬಿರುಕು ಬಿಟ್ಟ ದನಿ. ಆ ಬಿರುಕೇ ಚೆಂದ ಅನ್ನುವವರು ಇದ್ದಾರೆ, ಕೇಳಲಿಕ್ಕೆ ಆಗುವುದಿಲ್ಲ ಅನ್ನುವವರೂ ಇದ್ದಾರೆ. 1959ರ ಜುಲೈ 17ರಂದು ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಸಾಯುವ ಮೊದಲು ಅದೇ ಹಾಸಿಗೆಯಲ್ಲೇ ಅವರನ್ನು ಮಾದಕವಸ್ತು ಪ್ರಕರಣದಲ್ಲಿ ಬಂಧಿಸಿ ಪೊಲೀಸ್ ಕಾವಲು ಹಾಕಿದ್ದರು. ವಯಸ್ಸು 44.

ಇಬ್ಬರೂ ದೇಹ ಮುರಿದ ಮೇಲೆ ಹಾಡಿದವರು. ಒಬ್ಬರಿಗೆ ಔಷಧಿ ಸಿಕ್ಕಿತು, ಆರೈಕೆ ಮಾಡುವವರು ಸಿಕ್ಕರು, ಸುಮ್ಮನೆ ಮಲಗಲು ಒಂದು ಮನೆ ಸಿಕ್ಕಿತು. ಇನ್ನೊಬ್ಬರಿಗೆ ಕಾವಲು ಸಿಕ್ಕಿತು. ಕುಮಾರ ಗಂಧರ್ವರು ಗುಣವಾದ ಮೇಲೆ ಸುಮಾರು 39 ವರ್ಷ ಹಾಡಿದರು. ಬಿಲ್ಲಿ ಹಾಲಿಡೇಗೆ ಆ ವರ್ಷಗಳು ಸಿಗಲಿಲ್ಲ. ನೋವೇ ಹಾಡು ಕೊಡುವುದಾಗಿದ್ದರೆ ಇಬ್ಬರಿಗೂ ಒಂದೇ ಲೆಕ್ಕ ಆಗಬೇಕಿತ್ತು. ನೋವು ಹಾಡನ್ನು ನಿಲ್ಲಿಸುತ್ತದೆ. ಮತ್ತೆ ಶುರು ಮಾಡಿಸುವುದು ಔಷಧಿ, ವೇಳೆ, ಹತ್ತಿರ ಇರುವ ಜನ, ಮತ್ತೆ ಆ ಮನುಷ್ಯ ಆ ವೇಳೆಯಲ್ಲಿ ಏನು ಕೇಳಿಸಿಕೊಂಡ ಅನ್ನುವುದು.

ಇದು ನಮ್ಮ ಹಾಸ್ಟೆಲ್‌ಗೂ ಸಂಬಂಧಪಟ್ಟ ಮಾತು. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಇವತ್ತಿಗೂ ನಮ್ಮ ದೇಶದಲ್ಲಿದ್ದಾರೆ. ಎರಡು ವಾರ ದಾಟಿದ ಕೆಮ್ಮನ್ನು ಇಂಟರ್ನಲ್ಸ್ ಮುಗಿಯಲಿ ಅಂತ ಮುಂದೆ ಹಾಕುವವರು ನಮ್ಮಲ್ಲೇ ಇದ್ದಾರೆ. ರೂಮ್‌ಮೇಟ್‌ಗೆ ಟಿಬಿ ಅಂತ ಗೊತ್ತಾದರೆ ಹಾಸಿಗೆ ಎತ್ತಿಕೊಂಡು ಹೋಗುವವರೂ ಇದ್ದಾರೆ. ಕಫ ಪರೀಕ್ಷೆ ಪುಕ್ಕಟೆ, ಗುಳಿಗೆ ಪುಕ್ಕಟೆ. 1948ರಲ್ಲಿ ದೇವಾಸ್‌ಗೆ ಹೋದ ಗಂಡ ಹೆಂಡತಿಗೆ ಇದು ಸಿಕ್ಕಿದ್ದರೆ ಆರು ವರ್ಷದ ಬದಲು ಆರು ತಿಂಗಳು. ಹಾಗಾಗಿದ್ದರೆ ಆ ಹಾಡು ಹುಟ್ಟುತ್ತಿರಲಿಲ್ಲ ಅಂತ ಯಾರಾದರೂ ಅಂದರೆ, ಹುಟ್ಟದಿದ್ದರೂ ನಡೆಯುತ್ತಿತ್ತು, ಆ ಮನುಷ್ಯನ ಶ್ವಾಸಕೋಶ ಉಳಿಯುತ್ತಿತ್ತು ಅಂತ ನಾವು ಹೇಳುತ್ತೇವೆ.

ಆಮೇಲೆ

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. 1956ರಲ್ಲಿ ಮೊದಲ ಮಗ ಮುಕುಲ್ ಹುಟ್ಟಿದ. 1961ರಲ್ಲಿ ಎರಡನೇ ಮಗ ಯಶೋವರ್ಧನನ ಹೆರಿಗೆಯ ಹೊತ್ತಿನಲ್ಲಿ ಭಾನುಮತಿ ತೀರಿಕೊಂಡರು. ಗಂಡನನ್ನು ಸಾವಿನಿಂದ ಹಿಂದಕ್ಕೆ ತಂದವರು ತಾವು ಉಳಿಯಲಿಲ್ಲ. ದೇವಾಸ್‌ನ ಗುಡ್ಡದ ಬುಡದಲ್ಲಿರುವ ಕುಮಾರ ಗಂಧರ್ವರ ಮನೆಗೆ ಭಾನುಕುಲ ಅಂತ ಹೆಸರು.

ಮರುವರ್ಷ ಅವರು ದೇವಧರ್ ಶಾಲೆಯಲ್ಲೇ ಕಲಿತಿದ್ದ ವಸುಂಧರಾ ಶ್ರೀಖಂಡೆ ಅವರನ್ನು ಮದುವೆಯಾದರು. ವಸುಂಧರಾ ಕೊಂಕಾಳಿ ಅವರು ಅವರ ಜೊತೆ ಕೂತು ನಿರ್ಗುಣಿ ಭಜನ್‌ಗಳಿಗೆ ದನಿ ಸೇರಿಸಿದರು, ಸ್ವತಃ ದೊಡ್ಡ ಗಾಯಕಿಯಾದರು. ಮಗ ಮುಕುಲ್ ಶಿವಪುತ್ರ, ಮಗಳು ಕಲಾಪಿನಿ ಕೊಂಕಾಳಿ, ಮೊಮ್ಮಗ ಭುವನೇಶ್ ಕೊಂಕಾಳಿ, ಮೂವರೂ ಹಾಡುಗಾರರು. ಮರಾಠಿ ನಾಟ್ಯಸಂಗೀತದ ಬಾಲಗಂಧರ್ವರ ಹಾಡುಗಳನ್ನು ತಮ್ಮದೇ ರೀತಿಯಲ್ಲಿ ಹಾಡಿ ತೋರಿಸುವ ಕಾರ್ಯಕ್ರಮವನ್ನೂ ಕುಮಾರ ಗಂಧರ್ವರು ಮಾಡಿದರು. ನಮ್ಮ ಕನ್ನಡ ಸಿನಿಮಾ ಹಾಡುಗಳಿಂದ ಪರಿಚಯ ಇರುವ ವಾಣಿ ಜಯರಾಂ ಅವರ ಜೊತೆ ಹಾಡಿದ ಒಂದು ಮರಾಠಿ ಯುಗಳಗೀತೆ ನಿಪ್ಪಾಣಿ, ಚಿಕ್ಕೋಡಿ ಕಡೆಯ ಹಿರಿಯರಿಗೆ ಇವತ್ತಿಗೂ ಬಾಯಿಪಾಠ. 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಬಂತು. 1992ರ ಜನವರಿ 12ರಂದು ದೇವಾಸ್‌ನಲ್ಲೇ ಅವರು ತೀರಿಕೊಂಡರು. 2024ಕ್ಕೆ ಅವರು ಹುಟ್ಟಿ 100 ವರ್ಷ ಆಯಿತು.

ಓದಿದವರು ಒಮ್ಮೆ ಕೇಳಿ ನೋಡಿ ಅಂತ ನಮ್ಮ ವಿನಂತಿ. ಮೊದಲೇ ಒಂದು ತಾಸಿನ ಖ್ಯಾಲ್ ಹಚ್ಚಿಕೊಂಡು ಕೂರಬೇಡಿ. ಐದಾರು ನಿಮಿಷದ ಒಂದು ಕಬೀರ ಭಜನ್ ಸಾಕು. ಹೆಡ್‌ಫೋನ್ ಹಾಕಿಕೊಳ್ಳಿ, ಲೈಟ್ ಆರಿಸಿ. ಪದ ಅರ್ಥ ಆಗದಿದ್ದರೂ ನಡೆಯುತ್ತದೆ. ಮೊದಲು ತಂಬೂರಿ ಕೇಳಿಸಿಕೊಳ್ಳಿ. ಆಮೇಲೆ ಅವರು ಎಲ್ಲಿ ನಿಲ್ಲಿಸುತ್ತಾರೆ ಅಂತ ಗಮನಿಸಿ. ಆ ನಿಂತ ಜಾಗದಲ್ಲಿ ಒಬ್ಬ ಮನುಷ್ಯ ಒಂದೇ ಶ್ವಾಸಕೋಶಕ್ಕೆ ಗಾಳಿ ಎಳೆದುಕೊಳ್ಳುತ್ತಿದ್ದಾನೆ.